ಕೀನ್ಯಾದ ಸವನ್ನಾದಲ್ಲಿ ಪ್ಲೇನ್ ಟೈಗರ್ ಚಿಟ್ಟೆ: ಗಿಡ ಹುಡುಕಿ, ಚುಕ್ಕೆ ಎಣಿಸಿ

ಸವನ್ನಾದಲ್ಲಿ ಚಿಟ್ಟೆ ನೋಡಲು ಹೊರಟವರು ಚಿಟ್ಟೆಯನ್ನು ಹುಡುಕುತ್ತಾ ಅಲೆಯಬಾರದು. ದನ ಬಾಯಿ ಹಾಕದೆ ಬಿಟ್ಟ ಗಿಡವನ್ನು ಹುಡುಕಬೇಕು. ಕಣ್ಣು ಹಾಯುವಷ್ಟು ದೂರ ಹುಲ್ಲೇ ಇರುವ ಬಯಲಿನಲ್ಲಿ ಏಳೆಂಟು ಸೆಂಟಿಮೀಟರ್ ಅಗಲದ ಜೀವ ಎಲ್ಲಿ ಅಂತ ಸಿಕ್ಕೀತು? ಆದರೆ ಅದು ಮೊಟ್ಟೆ ಇಡುವ ಗಿಡ ಎಲ್ಲಿಗೂ ಹೋಗುವುದಿಲ್ಲ. ಅದರ ಪಕ್ಕದಲ್ಲಿ ಬಿಸಿಲಿರುವಾಗ ಅರ್ಧ ಗಂಟೆ ಸುಮ್ನೆ ನಿಂತರೆ ಚಿಟ್ಟೆಯೇ ಬರುವ ಸಾಧ್ಯತೆ ಜಾಸ್ತಿ.

ಇಲ್ಲಿ ಹೇಳುತ್ತಿರುವುದು ಪ್ಲೇನ್ ಟೈಗರ್ ಎಂಬ ಚಿಟ್ಟೆಯ ಬಗ್ಗೆ. ಆಫ್ರಿಕಾದಲ್ಲಿ ಇದನ್ನು ಆಫ್ರಿಕನ್ ಮೊನಾರ್ಕ್ ಅಂತಲೂ ಕರೆಯುತ್ತಾರೆ. ವೈಜ್ಞಾನಿಕ ಹೆಸರು ಡಾನಾಯಸ್ ಕ್ರಿಸಿಪ್ಪಸ್. 1758ರಲ್ಲಿ ಇದನ್ನು ಪುಸ್ತಕಕ್ಕೆ ಸೇರಿಸಿದವರು ಸ್ವೀಡನ್ನಿನ ಜೀವವಿಜ್ಞಾನಿ ಲಿನ್ನೇಯಸ್. ಚಿತ್ರಕ್ಕೆ ಸೇರಿಸಿದವರು ಅದಕ್ಕೂ ತುಂಬಾ ಹಿಂದಿನವರು: ಈಜಿಪ್ಟಿನ ನೆಬಾಮುನ್ ಎಂಬ ಅಧಿಕಾರಿಯ ಗೋರಿಯಲ್ಲಿ, ಕ್ರಿ.ಪೂ. 1350ರ ಸುಮಾರಿಗೆ ಬರೆದ ಹಕ್ಕಿ ಬೇಟೆಯ ಚಿತ್ರದಲ್ಲಿ, ಈ ಚಿಟ್ಟೆಗಳು ಹಾರಾಡುತ್ತಿವೆ. ಆ ಚಿತ್ರ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ನಮ್ಮ ಊರಿನ ಎಕ್ಕದ ಗಿಡದ ಮೇಲೆ ಬಂದು ಕೂರುವ ಕಿತ್ತಳೆ ಬಣ್ಣದ ಚಿಟ್ಟೆಯೂ ಇದೇ. ಹಾಗಾದರೆ ಕೀನ್ಯಾದಲ್ಲಿ ಹೊಸದಾಗಿ ನೋಡುವುದೇನಿದೆ? ತುಂಬಾ ಇದೆ. ಇಲ್ಲಿ ಹೆಚ್ಚಾಗಿ ಒಂದೇ ವೇಷದಲ್ಲಿ ಕಾಣುವ ಚಿಟ್ಟೆ ಅಲ್ಲಿ ಬೇರೆ ಬೇರೆ ವೇಷದಲ್ಲಿ ಸಿಗುತ್ತದೆ. ಅದರ ವೇಷ ಕದ್ದ ಬೇರೆ ಚಿಟ್ಟೆಗಳೂ ಅದೇ ಹುಲ್ಲಿನಲ್ಲಿ ಓಡಾಡುತ್ತವೆ. ಜೊತೆಗೆ ನೈರೋಬಿಯ ಸುತ್ತಮುತ್ತ ಬರೀ ಹೆಣ್ಣನ್ನೇ ಹೆರುವ ತಾಯಿ ಚಿಟ್ಟೆಗಳಿವೆ. ಸಫಾರಿಗೆ ಹೋಗುವವರಿಗೂ, ಕೆಲಸದ ಮೇಲೆ ನೈರೋಬಿಯಲ್ಲಿ ಮನೆ ಮಾಡಿಕೊಂಡಿರುವವರಿಗೂ ಇದನ್ನೆಲ್ಲ ನೋಡಲು ವಿಶೇಷ ಸಲಕರಣೆ ಬೇಕಿಲ್ಲ. ಎಕ್ಕ ಗೊತ್ತಿರುವ ಕನ್ನಡಿಗರಿಗಂತೂ ಅರ್ಧ ಪಾಠ ಆಗಲೇ ಆಗಿದೆ.

ಹೆಜ್ಜೆ 1: ತಿಂಗಳು ಮತ್ತು ಜಾಗ ಆರಿಸಿಕೊಳ್ಳಿ

ಕೀನ್ಯಾದಲ್ಲಿ ವರ್ಷಕ್ಕೆ ಎರಡು ಮಳೆಗಾಲ. ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಸಣ್ಣ ಮಳೆ. ಮಳೆ ಬಿದ್ದು ಗಿಡಗಳು ಚಿಗುರಿದ ಮೇಲೆ ಚಿಟ್ಟೆಗಳ ಸಂಖ್ಯೆ ಏರುತ್ತದೆ. ನಮ್ಮ ಮಕ್ಕಳ ಬೇಸಿಗೆ ರಜೆ ದೊಡ್ಡ ಮಳೆಯ ಹೊತ್ತಿಗೆ ಬೀಳುತ್ತದೆ. ಚಿಟ್ಟೆಗೆ ಅದು ಒಳ್ಳೆಯ ಸಮಯವೇ, ಆದರೆ ಮಣ್ಣಿನ ರಸ್ತೆಯಲ್ಲಿ ಗಾಡಿ ಹೂತುಹೋಗುವುದಕ್ಕೂ ಅಷ್ಟೇ ಒಳ್ಳೆಯ ಸಮಯ. ನನ್ನ ಆಯ್ಕೆ ಡಿಸೆಂಬರ್ ಕೊನೆ ಅಥವಾ ಜನವರಿ. ಮಳೆ ನಿಂತಿರುತ್ತದೆ, ಹಸಿರು ಇನ್ನೂ ಇರುತ್ತದೆ.

ಹೆಚ್ಚಿನವರು ವೈಲ್ಡ್‌ಬೀಸ್ಟ್ ಹಿಂಡು ಮಾರಾ ನದಿ ದಾಟುವುದನ್ನು ನೋಡಲು ಜುಲೈನಿಂದ ಸೆಪ್ಟೆಂಬರ್ ನಡುವೆ ಹೋಗುತ್ತಾರೆ. ಪರವಾಗಿಲ್ಲ, ಪ್ಲೇನ್ ಟೈಗರ್ ವರ್ಷವಿಡೀ ಇರುವ ಚಿಟ್ಟೆ. ಒಂದು ಮಾತು ನೆನಪಿರಲಿ: ಜುಲೈ ತಿಂಗಳಲ್ಲಿ ನೈರೋಬಿಯ ಬೆಳಗು ಚಳಿ, ಮೇಲೆ ಮೋಡ. ಬಿಸಿಲು ಬಿದ್ದು ಮೈ ಕಾಯುವವರೆಗೆ ಚಿಟ್ಟೆ ಏಳುವುದಿಲ್ಲ. ಸಿಂಹ ನೋಡಲು ಆರು ಗಂಟೆಗೆ ಹೊರಡಿ, ಚಿಟ್ಟೆ ನೋಡಲು ಒಂಬತ್ತರ ಮೇಲೆ ಹೊರಟರೆ ಸಾಕು.

ಜಾಗದ ವಿಷಯಕ್ಕೆ ಬಂದರೆ, ಸಫಾರಿಯ ದೊಡ್ಡ ತೊಂದರೆ ಗಾಡಿಯಿಂದ ಇಳಿಯುವಂತಿಲ್ಲ ಎನ್ನುವುದು. ಹಾಗಾಗಿ ಕಾಲೂರಿ ನಿಲ್ಲಲು ಬಿಡುವ ಜಾಗ ಗುರುತಿಟ್ಟುಕೊಳ್ಳಿ. ನೈರೋಬಿ ರಾಷ್ಟ್ರೀಯ ಉದ್ಯಾನ 1946ರಲ್ಲಿ ಆದದ್ದು, 117 ಚದರ ಕಿಲೋಮೀಟರ್, ಊರಿಗೆ ಅಂಟಿಕೊಂಡೇ ಇದೆ. ಒಳಗೆ ಪಿಕ್ನಿಕ್ ಜಾಗಗಳಿವೆ. 1989ರಲ್ಲಿ ಆಗಿನ ಅಧ್ಯಕ್ಷ ಡೇನಿಯಲ್ ಅರಪ್ ಮೊಯ್ 12 ಟನ್ ಆನೆದಂತಕ್ಕೆ ಬೆಂಕಿ ಇಟ್ಟ ಜಾಗವೂ ಅಂಥದ್ದೇ, ಅಲ್ಲಿ ಇಳಿದು ಓಡಾಡಬಹುದು. ಇಂಥ ಜಾಗಗಳ ಅಂಚಿನ ಹುಲ್ಲು, ಗಾಡಿ ನಿಲ್ಲಿಸುವ ಮೈದಾನದ ಸುತ್ತಲಿನ ಕಳೆ, ಇವೇ ನಮಗೆ ಬೇಕಾದವು. ಮಸಾಯಿ ಮಾರಾ ಅಭಯಾರಣ್ಯದಲ್ಲಾದರೆ ನೀವು ಉಳಿದುಕೊಂಡ ಕ್ಯಾಂಪಿನ ಬೇಲಿಯ ಸುತ್ತ ನೋಡಿ. ಮಧ್ಯಾಹ್ನದ ಊಟಕ್ಕೂ ಸಂಜೆಯ ಸಫಾರಿಗೂ ನಡುವೆ ಎಲ್ಲರೂ ಮಲಗಿರುತ್ತಾರಲ್ಲ, ಆಗ ಹೊರಡಿ. ಎಲ್ಲಿಯವರೆಗೆ ನಡೆಯಬಹುದು ಅಂತ ಕಾವಲಿನವರನ್ನು ಕೇಳಿಯೇ ಹೋಗಿ. ಅಲ್ಲಿ ಹುಲ್ಲಿನಲ್ಲಿ ಇರುವುದು ಚಿಟ್ಟೆ ಮಾತ್ರ ಅಲ್ಲ.

ಹೆಜ್ಜೆ 2: ಹಾಲು ಬರುವ ಗಿಡ ಪತ್ತೆ ಮಾಡಿ

ಈ ಚಿಟ್ಟೆಯ ಬದುಕೆಲ್ಲ ಎಕ್ಕದ ಬಳಗದ ಗಿಡಗಳ ಮೇಲೆ ನಿಂತಿದೆ. ಎಲೆ ಮುರಿದರೆ ಬಿಳಿ ಹಾಲು ಸುರಿಯುವ ಗಿಡಗಳು ಅವು. ಹಾಲಿನಲ್ಲಿ ಹೃದಯದ ಬಡಿತವನ್ನೇ ಕೆಡಿಸುವ ವಿಷವಿದೆ. ದನ, ಮೇಕೆ, ಜೀಬ್ರಾ ಯಾವುದೂ ಅದರ ಗೊಡವೆಗೆ ಹೋಗುವುದಿಲ್ಲ. ಹಾಗಾಗಿ ಚೆನ್ನಾಗಿ ಮೇಯ್ದು ಬೋಳಾದ ಜಾಗದಲ್ಲೂ ಈ ಗಿಡಗಳು ಮಾತ್ರ ದಷ್ಟಪುಷ್ಟವಾಗಿ ನಿಂತಿರುತ್ತವೆ. ದನ ಸಾಕುವ ಮಸಾಯಿ ಜನರ ದೊಡ್ಡಿಯ ಸುತ್ತ, ರಸ್ತೆಯ ಬದಿ, ಬಿತ್ತದೆ ಬಿಟ್ಟ ಹೊಲ, ಇಲ್ಲೆಲ್ಲ ನೋಡಿ. ಪೋಸ್ಟ್‌ಕಾರ್ಡಿನಲ್ಲಿ ಬರುವಂಥ ಎದೆಯೆತ್ತರದ ಹೊಂಬಣ್ಣದ ಹುಲ್ಲಿಗಿಂತ ಇಂಥ ಹರಕಲು ಜಾಗಗಳೇ ಈ ಚಿಟ್ಟೆಗೆ ವಾಸಿ.

ನೈರೋಬಿಯಂಥ ಎತ್ತರದ ಊರಿನ ಸುತ್ತ ಮೊದಲು ಕಣ್ಣಿಗೆ ಬೀಳುವುದು ಗೊಂಫೊಕಾರ್ಪಸ್. ಆಳೆತ್ತರದವರೆಗೆ ಬೆಳೆಯುವ ತೆಳ್ಳನೆಯ ಗಿಡ. ಎಲೆ ಉದ್ದ, ಕಿರಿದು. ಬಿಳಿ ಹೂವಿನ ಗೊಂಚಲು ತಲೆ ತಗ್ಗಿಸಿರುತ್ತದೆ. ಗುರುತು ಹಿಡಿಯಲು ಕಾಯಿ ನೋಡಿ: ಗಾಳಿ ತುಂಬಿದ ಚಿಕ್ಕ ಬಲೂನು, ಮೇಲೆಲ್ಲ ಮೆತ್ತನೆಯ ಮುಳ್ಳು. ಒಮ್ಮೆ ನೋಡಿದರೆ ಮರೆಯುವುದಿಲ್ಲ.

ಕೆಳಗಿನ ಬಿಸಿಲು ಸೀಮೆಯಲ್ಲಿ, ರಿಫ್ಟ್ ಕಣಿವೆಯ ಒಣ ಭಾಗಗಳಲ್ಲಿ, ಎಕ್ಕವೇ ಸಿಗುತ್ತದೆ. ಆದರೆ ನಾವು ಗಣೇಶನಿಗೆ ಏರಿಸುವ ದೊಡ್ಡ ಎಕ್ಕ ಅಲ್ಲ, ಅದರ ತಮ್ಮ ಕ್ಯಾಲೊಟ್ರೊಪಿಸ್ ಪ್ರೊಸೆರಾ. ಎಲೆ ಅದೇ ಥರ ದಪ್ಪ, ಬೂದು ಹಸಿರು. ಹೂವಿನ ಎಸಳು ಮಾತ್ರ ಬಟ್ಟಲಿನಂತೆ ಮೇಲಕ್ಕೆ ನಿಂತಿರುತ್ತದೆ, ತುದಿಗೆ ನೇರಳೆ ಬಣ್ಣ.

ಗಿಡ ಸಿಕ್ಕ ಖುಷಿಗೆ ಎಲೆ ಕೀಳಬೇಡಿ. ಆ ಹಾಲು ಕೈಗೆ ಅಂಟಿ, ಕೈ ಕಣ್ಣಿಗೆ ಹೋದರೆ ಕಣ್ಣಿಗೇ ಏಟಾಗುತ್ತದೆ. ಮಕ್ಕಳು ಜೊತೆಗಿದ್ದರೆ ಮೊದಲೇ ಹೇಳಿಬಿಡಿ.

ಹೆಜ್ಜೆ 3: ಎಲೆ ತಿರುಗಿಸಿ ನೋಡಿ

ಚಿಟ್ಟೆ ಬರುವವರೆಗೆ ಎಲೆಯ ಅಡಿ ನೋಡುತ್ತಿರಿ. ಹೆಣ್ಣು ಒಂದು ಸಲಕ್ಕೆ ಒಂದೇ ಮೊಟ್ಟೆ ಅಂಟಿಸುತ್ತದೆ, ಹೆಚ್ಚಾಗಿ ಎಳೆ ಎಲೆಯ ಅಡಿಯಲ್ಲಿ. ಬೆಳ್ಳಿ ಬಿಳುಪು, ಗುಮ್ಮಟದ ಆಕಾರ, ಮೇಲಿಂದ ಕೆಳಗೆ ಗೀರುಗಳು. ಸಾಸಿವೆಗಿಂತ ದೊಡ್ಡದಿರುವುದಿಲ್ಲ. ಬೆಚ್ಚಗಿನ ದಿನಗಳಲ್ಲಿ ಮೂರ್ನಾಲ್ಕು ದಿನಕ್ಕೆ ಹುಳು ಹೊರಬರುತ್ತದೆ. ಹೊರಬಂದದ್ದೇ ತನ್ನ ಮೊಟ್ಟೆಯ ಸಿಪ್ಪೆಯನ್ನು ತಿನ್ನುತ್ತದೆ.

ದೊಡ್ಡ ಹುಳುವನ್ನು ಹುಡುಕುವ ಕಷ್ಟವೇ ಇಲ್ಲ. ಅದು ಅಡಗಿ ಕೂರುವುದಿಲ್ಲ. ಮೈಮೇಲೆ ಕಪ್ಪು, ಬಿಳಿ ಪಟ್ಟೆ, ನಡುನಡುವೆ ಹಳದಿ ಚುಕ್ಕೆ. ಮೂರು ಜೊತೆ ಕಪ್ಪು ಎಳೆಗಳು ಮೇಲೆದ್ದಿರುತ್ತವೆ: ತಲೆಯ ಹತ್ತಿರ ಒಂದು ಜೊತೆ, ನಡುವೆ ಒಂದು, ಬಾಲದ ಕಡೆ ಒಂದು. ಈ ಮೂರು ಜೊತೆ ಎಣಿಸಿಕೊಂಡರೆ ಹುಳುವಿನ ಗುರುತು ಗಟ್ಟಿ. ಇಷ್ಟು ಬಣ್ಣ ಬಳಿದುಕೊಂಡು ಬಯಲಲ್ಲಿ ಕೂರುವುದಕ್ಕೆ ಕಾರಣವಿದೆ. ಗಿಡದ ವಿಷವನ್ನು ಅದು ಮೈಯಲ್ಲಿ ಸೇರಿಸಿಕೊಂಡಿರುತ್ತದೆ, ಚಿಟ್ಟೆಯಾದ ಮೇಲೂ ಅದು ಉಳಿಯುತ್ತದೆ. ಹಕ್ಕಿ ಒಮ್ಮೆ ಕಚ್ಚಿ ಉಗುಳಿದರೆ ಮತ್ತೆ ಆ ಬಣ್ಣದ ತಂಟೆಗೆ ಬರುವುದಿಲ್ಲ. ಎಲ್ಲ ಚಿಟ್ಟೆಯೂ ಒಂದೇ ಸಮ ವಿಷವಲ್ಲ. ಹುಳು ಯಾವ ಗಿಡ ತಿಂದು ಬೆಳೆಯಿತು ಎನ್ನುವುದರ ಮೇಲೆ ಅದು ನಿಂತಿದೆ. ವಿಷ ಕಡಿಮೆ ಇರುವ ಚಿಟ್ಟೆಗಳು ವಿಷ ಇರುವ ತಮ್ಮದೇ ಜಾತಿಯವರ ಹೆಸರಿನಲ್ಲಿ ಬಚಾವಾಗುತ್ತವೆ!

ಎಕ್ಕದಂಥ ದಪ್ಪ ಎಲೆಯ ಮೇಲೆ ಹುಳು ಊಟ ಶುರುಮಾಡುವುದನ್ನು ಗಮನಿಸಿ. ಮೊದಲು ಎಲೆಯ ನರ ಕಡಿದು ಹಾಲು ಸುರಿದುಹೋಗಲು ಬಿಡುತ್ತದೆ, ಆಮೇಲೆ ಅದರ ಆಚೆಯ ಭಾಗ ತಿನ್ನುತ್ತದೆ. ವಿಷ ತಿಂದು ಅರಗಿಸಿಕೊಳ್ಳುವ ಹುಳುವಿಗೂ ಆ ಅಂಟು ಬಾಯಿಗೆ ಮೆತ್ತಿಕೊಂಡರೆ ಕಷ್ಟ ತಾನೇ. ಬಾಡಿ ಜೋತುಬಿದ್ದ ಒಂದೇ ಒಂದು ಎಲೆ ಕಂಡರೆ ಅಲ್ಲಿ ಹುಳು ಇದೆಯಾ ಅಂತ ನೋಡಿ.

ನಾಲ್ಕು ಸಲ ಪೊರೆ ಕಳಚಿ, ಎರಡು ವಾರದ ಹೊತ್ತಿಗೆ ಹುಳು ತಲೆಕೆಳಗಾಗಿ ನೇತುಬಿದ್ದು ಕೋಶವಾಗುತ್ತದೆ. ಹಸಿರು ಗಿಡದಲ್ಲಾದರೆ ಕೋಶ ಹೆಚ್ಚಾಗಿ ಹಸಿರು, ಒಣ ಕಡ್ಡಿಯ ಮೇಲಾದರೆ ನಸುಗೆಂಪು ಬಣ್ಣದ್ದೂ ಇರುತ್ತದೆ. ಸುತ್ತ ಹೊಂಬಣ್ಣದ ಸಣ್ಣ ಗುಂಡುಗಳ ಒಂದು ಸಾಲು. ಇನ್ನೊಂದು ವಾರ, ಹತ್ತು ದಿನದಲ್ಲಿ ಚಿಟ್ಟೆ ಸಿದ್ಧ. ಚಳಿಯಿದ್ದರೆ ಎಲ್ಲವೂ ನಿಧಾನ. ಕಪ್ಪಾಗಿ, ತೂತಾಗಿ ಒಣಗಿದ ಕೋಶಗಳೂ ಸಿಗುತ್ತವೆ. ಅದು ಹುಳುವಿನೊಳಗೆ ಮೊಟ್ಟೆ ಇಡುವ ನೊಣ ಮತ್ತು ಸಣ್ಣ ಕಣಜಗಳ ಕೆಲಸ. ಗಿಡದ ವಿಷ ಅವುಗಳನ್ನು ತಡೆಯುವುದಿಲ್ಲ.

ಹೆಜ್ಜೆ 4: ಬಣ್ಣಕ್ಕೆ ಮರುಳಾಗದೆ ಚುಕ್ಕೆ ಎಣಿಸಿ

ಇದು ಈ ಇಡೀ ಕೆಲಸದ ಮುಖ್ಯ ಭಾಗ. ನಿಧಾನವಾಗಿ ಓದಿ.

ಹುಲ್ಲಿನ ಮೇಲೆ ಕಿತ್ತಳೆ ಬಣ್ಣದ ಚಿಟ್ಟೆಯೊಂದು ಅವಸರವಿಲ್ಲದೆ ತೇಲುತ್ತಾ ಬಂತು ಅಂದುಕೊಳ್ಳಿ. ಮುಂದಿನ ರೆಕ್ಕೆಯ ತುದಿ ಕಪ್ಪು, ಅದರಲ್ಲಿ ಬಿಳಿ ಪಟ್ಟಿ ಇದ್ದರೆ ಅದು ನಮಗೆ ಊರಿನಲ್ಲಿ ಪರಿಚಯವಿರುವ ವೇಷ. ತುದಿಯಲ್ಲಿ ಆ ಕಪ್ಪೂ ಬಿಳಿಯೂ ಇಲ್ಲದೆ ರೆಕ್ಕೆ ಪೂರ್ತಿ ಕಿತ್ತಳೆಯಾಗಿದ್ದರೆ ಅದು ಡೊರಿಪ್ಪಸ್ ವೇಷ. ಪೂರ್ವ ಆಫ್ರಿಕಾದ ಒಣ ಸೀಮೆ, ಸೊಮಾಲಿಯಾ, ಅರೇಬಿಯಾ ಕಡೆ ಇದು ಜಾಸ್ತಿ. ಹಿಂದಿನ ರೆಕ್ಕೆ ಬೆಳ್ಳಗಿದ್ದರೆ ಆಲ್ಸಿಪ್ಪಸ್. ಅದರ ತವರು ಪಶ್ಚಿಮ ಆಫ್ರಿಕಾ. ಮಧ್ಯ ಕೀನ್ಯಾದಲ್ಲಿ, ನೈರೋಬಿಯೂ ಸೇರಿದಂತೆ, ಈ ವೇಷಗಳು ಸಂಧಿಸಿ ಒಂದರೊಡನೊಂದು ಕೂಡುತ್ತವೆ. ಹಾಗಾಗಿ ಎರಡರ ನಡುವಿನ ಥರದವೂ ಹುಟ್ಟುತ್ತವೆ. ಒಂದೇ ಗಿಡದ ಹತ್ತಿರ ಬೇರೆ ಬೇರೆ ವೇಷದವು ಬಂದರೆ ಬೇರೆ ಬೇರೆ ಜಾತಿ ಅಂತ ಬರೆದುಕೊಳ್ಳಬೇಡಿ.

ಈಗ ಹಿಂದಿನ ರೆಕ್ಕೆಯ ನಡುಭಾಗ ನೋಡಿ. ಅಂಚಿನ ಕಪ್ಪು ಬಿಟ್ಟು, ನಡುವಿನ ಕಪ್ಪು ಚುಕ್ಕೆಗಳನ್ನಷ್ಟೇ ಎಣಿಸಿ.

ಮೂರು ಚುಕ್ಕೆ ಇದ್ದರೆ ಹೆಣ್ಣು ಪ್ಲೇನ್ ಟೈಗರ್.

ನಾಲ್ಕು ಇದ್ದರೆ ಗಂಡು. ನಾಲ್ಕನೆಯದು ಬರೀ ಚುಕ್ಕೆಯಲ್ಲ, ವಾಸನೆಯ ಚೀಲ. ನಡುವೆ ಬಿಳಿ ಬಿದ್ದು, ಸ್ವಲ್ಪ ಉಬ್ಬಿದಂತೆ ಕಾಣುತ್ತದೆ.

ಮುಂದಿನ ಅಂಚಿನ ಹತ್ತಿರ ಒಂದೇ ಒಂದು ಚುಕ್ಕೆ ಇದ್ದರೆ ನೀವು ಮೋಸ ಹೋಗಿದ್ದೀರಿ. ಅದು ಪ್ಲೇನ್ ಟೈಗರ್ ಅಲ್ಲವೇ ಅಲ್ಲ. ಡನಾಯ್ಡ್ ಎಗ್‌ಫ್ಲೈ ಎಂಬ ಬೇರೆ ಬಳಗದ ಚಿಟ್ಟೆಯ ಹೆಣ್ಣು. ಅದರ ಮೈಯಲ್ಲಿ ಎಕ್ಕದ ವಿಷವಿಲ್ಲ. ಅದರ ಹುಳು ತಿನ್ನುವುದು ನಾವು ಸಾರಿಗೆ ಹಾಕುವ ಗೋಣಿಸೊಪ್ಪಿನ ಜಾತಿಯ ಗಿಡಗಳನ್ನು. ವಿಷದ ಚಿಟ್ಟೆಯ ವೇಷ ಹಾಕಿಕೊಂಡು ಹಕ್ಕಿಗಳನ್ನು ಏಮಾರಿಸುತ್ತದೆ. ಆಫ್ರಿಕಾದಲ್ಲಿ ಈ ನಕಲಿಯೂ ಅಸಲಿಯ ಹಿಂದೆಯೇ ಹೋಗಿದೆ: ಕಪ್ಪು ತುದಿಯ ಅಸಲಿಗೆ ಕಪ್ಪು ತುದಿಯ ನಕಲಿ, ಡೊರಿಪ್ಪಸ್‌ಗೆ ತುದಿ ಪೂರ್ತಿ ಕಿತ್ತಳೆಯಾದ ನಕಲಿ, ಬಿಳಿ ರೆಕ್ಕೆಯದಕ್ಕೆ ಬಿಳಿ ಇರುವ ನಕಲಿ. ಗಂಡಿಗೆ ಮಾತ್ರ ಈ ವೇಷವಿಲ್ಲ. ಅದು ಕಪ್ಪು, ಮೇಲೆ ದೊಡ್ಡ ಬಿಳಿ ಬೊಟ್ಟುಗಳು, ಸುತ್ತ ನೀಲಿ ನೇರಳೆ ಮಿಂಚು. ಕಪ್ಪು ಚಿಟ್ಟೆಯೊಂದು ಕಿತ್ತಳೆ ಚಿಟ್ಟೆಯ ಬೆನ್ನು ಬಿಡದೆ ಓಲೈಸುತ್ತಿದ್ದರೆ ಕಿತ್ತಳೆಯದ್ದು ಬಹುಶಃ ನಕಲಿ. ಗಂಡಿಗೆ ತನ್ನವಳು ಯಾರು ಅಂತ ಗೊತ್ತಿರುತ್ತದೆ, ಅಲ್ವಾ?

ಇನ್ನೊಂದು ಚಿಕ್ಕ ಚಿಟ್ಟೆಯೂ ಇದೇ ಬಣ್ಣ ಹಾಕಿಕೊಂಡಿದೆ, ಅಕ್ರೇಯಾ ಎನ್ಸಿಡಾನ್. ಹಿಂದಿನ ರೆಕ್ಕೆಯ ಬುಡದಲ್ಲಿ ಸಣ್ಣ ಚುಕ್ಕೆಗಳ ಗುಂಪೇ ಇದ್ದರೆ ಅದು. ಎಣಿಸುತ್ತಾ ಕೂರುವ ಅಗತ್ಯವಿಲ್ಲ, ಗಾತ್ರದಲ್ಲೇ ತಿಳಿಯುತ್ತದೆ.

ಚುಕ್ಕೆ ಎಣಿಸಲು ಹತ್ತಿರ ಹೋಗಲೇಬೇಕಿಲ್ಲ. ರೆಕ್ಕೆ ಮಡಿಚಿ ಕೂತಾಗ ಅಡಿಯಿಂದಲೂ ಚುಕ್ಕೆ ಕಾಣುತ್ತದೆ. ಎರಡು ಮೀಟರ್ ಹತ್ತಿರದಲ್ಲೂ ಸ್ಪಷ್ಟವಾಗಿ ತೋರುವ ದುರ್ಬೀನು ಇದ್ದರೆ ಒಳ್ಳೆಯದು. ಫೋನಿನಲ್ಲಾದರೆ ಜೂಮ್ ಮಾಡಿ ಒಂದರ ಹಿಂದೊಂದು ಫೋಟೊ ತೆಗೆದು, ಆಮೇಲೆ ನೆರಳಿನಲ್ಲಿ ಕೂತು ಎಣಿಸಿ. ನಿಮ್ಮ ನೆರಳು ಚಿಟ್ಟೆಯ ಮೇಲೆ ಬೀಳದಂತೆ ನಿಲ್ಲಿ. ಕೈಯಲ್ಲಿ ಹಿಡಿಯುವುದು ಬೇಡ. ಹಿಡಿದರೆ ಅದು ಸತ್ತಂತೆ ನಟಿಸುತ್ತದೆ. ಮೈ ಗಟ್ಟಿ, ಹಕ್ಕಿಯ ಕುಟುಕಿಗೂ ಸುಲಭಕ್ಕೆ ಸಾಯುವುದಿಲ್ಲ. ಆದರೂ ಉದ್ಯಾನದೊಳಗೆ ಯಾವ ಜೀವವನ್ನೂ ಹಿಡಿಯುವುದು ಕಾನೂನಿಗೆ ವಿರುದ್ಧ.

ಹೆಜ್ಜೆ 5: ಗಂಡುಗಳು ಸೇರುವ ಒಣ ಗಿಡ ನೋಡಿ

ಹೂವೇ ಇಲ್ಲದ ಒಣಗಿದ ಗಿಡಕ್ಕೆ ಚಿಟ್ಟೆಗಳು ಮುತ್ತಿಕೊಂಡಿದ್ದರೆ ಆಶ್ಚರ್ಯಪಡಬೇಡಿ. ಅದು ಚೇಳಿನ ಬಾಲದಂತೆ ಹೂಗೊಂಚಲು ಸುರುಳಿಯಾಗಿರುವ ಹೀಲಿಯೊಟ್ರೋಪ್ ಆಗಿರಬಹುದು, ಅಥವಾ ನಮ್ಮಲ್ಲಿ ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಸೆಣಬಿನ ಬಳಗದ ಕ್ರೋಟಲೇರಿಯಾ. ಗಂಡುಗಳು ಆ ಒಣ ಭಾಗವನ್ನು ಕಾಲಿನಿಂದ ಕೆರೆದು, ಹೀರುಕೊಳವೆಯಿಂದ ಒದ್ದೆ ಮಾಡಿ, ಅದರಲ್ಲಿರುವ ಕಹಿ ರಾಸಾಯನಿಕವನ್ನು ಹೀರುತ್ತವೆ. ಅದರಿಂದಲೇ ಹೆಣ್ಣನ್ನು ಒಲಿಸುವ ಪರಿಮಳ ತಯಾರಾಗುವುದು. ಓಲೈಸುವಾಗ ಹೊಟ್ಟೆಯ ತುದಿಯಿಂದ ಎರಡು ಕುಂಚಗಳನ್ನು ಹೊರಚಾಚಿ ಆ ಪರಿಮಳ ಹರಡುತ್ತವೆ. ಈ ಗಿಡಗಳನ್ನು ತಿನ್ನದ ಗಂಡಿನ ಹತ್ತಿರ ಆ ಪರಿಮಳವೇ ಇರುವುದಿಲ್ಲ.

ನೈರೋಬಿಯಲ್ಲಿ ಮನೆಗೆ ತೋಟವಿದ್ದರೆ ಒಂದು ಉಪಾಯ ಮಾಡಬಹುದು. ಕಳೆಯಾಗಿ ಬಂದ ಹೀಲಿಯೊಟ್ರೋಪ್ ಗಿಡವನ್ನು ಕಿತ್ತು, ಒಣಗಿಸಿ, ಕಟ್ಟು ಕಟ್ಟಿ ಬಿಸಿಲು ಬೀಳುವ ಕಡೆ ತೂಗುಹಾಕಿ. ಸಕ್ಕರೆ ನೀರು, ಬಾಳೆಹಣ್ಣು ಇಟ್ಟು ಕಾಯುವುದಕ್ಕಿಂತ ಇದು ಎಷ್ಟೋ ವಾಸಿ. ಇದೂ ವಿಷದ ಗಿಡವೇ, ಹಾಗಾಗಿ ದನ, ಮಕ್ಕಳ ಕೈಗೆ ಸಿಗದ ಹಾಗಿರಲಿ.

ಹೆಜ್ಜೆ 6: ಗಂಡು ಎಷ್ಟು, ಹೆಣ್ಣು ಎಷ್ಟು ಲೆಕ್ಕ ಹಾಕಿ

ನೈರೋಬಿಯ ಸುತ್ತ ಚುಕ್ಕೆ ಎಣಿಸಿದವರಿಗೆ ಮೂರೇ ಜಾಸ್ತಿ ಸಿಗಬಹುದು. ಸ್ಪೈರೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಅಲ್ಲಿನ ಹೆಣ್ಣುಗಳ ಮೈಯಲ್ಲಿ ಮನೆ ಮಾಡಿದೆ. ಅದು ತಾಯಿಯಿಂದ ಮೊಟ್ಟೆಗೆ ದಾಟುತ್ತದೆ, ತಂದೆಯಿಂದ ದಾಟುವುದಿಲ್ಲ. ಗಂಡು ಮರಿ ಅದರ ಪಾಲಿಗೆ ದಾರಿ ಮುಗಿದಂತೆ. ಹಾಗಾಗಿ ಗಂಡು ಭ್ರೂಣಗಳನ್ನು ಮೊಟ್ಟೆಯಲ್ಲೇ ಕೊಂದುಬಿಡುತ್ತದೆ. ಇಂಥ ತಾಯಿ ಇಟ್ಟ ಮೊಟ್ಟೆಗಳಲ್ಲಿ ಸುಮಾರು ಅರ್ಧ ಒಡೆಯುವುದೇ ಇಲ್ಲ, ಒಡೆದದ್ದರಲ್ಲೆಲ್ಲ ಹೆಣ್ಣೇ. ಸೋಂಕಿಲ್ಲದ ತಾಯಂದಿರಿಗೆ ಹುಟ್ಟಿದ ಗಂಡುಗಳು, ಬೇರೆ ಕಡೆಯಿಂದ ಹಾರಿ ಬಂದ ಗಂಡುಗಳು, ಇವುಗಳಿಂದಲೇ ಸಂಸಾರ ಸಾಗುತ್ತಿದೆ.

ಇದರ ಹಿಂದೆ ಇನ್ನೊಂದು ಸೋಜಿಗವಿದೆ. ಚಿಟ್ಟೆಗಳಲ್ಲಿ ಹೆಣ್ಣಿಗೆ ಮಾತ್ರ ಇರುವ ಡಬ್ಲ್ಯೂ ವರ್ಣತಂತು, ರೆಕ್ಕೆಯ ಬಣ್ಣ ನಿರ್ಧರಿಸುವ ಇನ್ನೊಂದು ವರ್ಣತಂತುವಿಗೆ ಇಲ್ಲಿ ಅಂಟಿಕೊಂಡುಬಿಟ್ಟಿದೆ. ತಾಯಿಯಿಂದ ಮಗಳಿಗೆ ಬ್ಯಾಕ್ಟೀರಿಯಾ ಹೋದ ದಾರಿಯಲ್ಲೇ ಆ ಜೋಡಿ ವರ್ಣತಂತುವೂ ಹೋಗುತ್ತದೆ. ಹಾಗಾಗಿ ಬ್ಯಾಕ್ಟೀರಿಯಾ ಹರಡಿದ ಕಡೆಯೆಲ್ಲ ಅದೂ ಹರಡಿತು ಎಂದು 2020ರಲ್ಲಿ ಪ್ರಕಟವಾದ ಒಂದು ಸಂಶೋಧನೆ ತೋರಿಸಿತು. ಮೈಯೊಳಗಿನ ಸೋಂಕು ರೆಕ್ಕೆಯ ಬಣ್ಣದ ಲೆಕ್ಕವನ್ನೇ ಬದಲಿಸುವುದು ಅಂದರೆ ಇದು.

ತೋಟದಲ್ಲಿ ಗೊಂಫೊಕಾರ್ಪಸ್ ಇರುವವರು ಇದನ್ನು ತಾವೇ ನೋಡಬಹುದು. ಹೆಣ್ಣು ಮೊಟ್ಟೆ ಇಟ್ಟು ಹೋದ ತಕ್ಷಣ ಆ ಎಲೆಯ ತೊಟ್ಟಿಗೆ ದಾರದ ಚೂರು ಕಟ್ಟಿ ದಿನಾಂಕ ಬರೆದಿಡಿ. ಒಂದು ವಾರವಾದರೂ ಒಡೆಯದ ಮೊಟ್ಟೆಗಳನ್ನು ಬೇರೆಯಾಗಿ ಲೆಕ್ಕ ಹಾಕಿ. ಇರುವೆ ಹೊತ್ತೊಯ್ದದ್ದನ್ನು ಇದರಲ್ಲಿ ಸೇರಿಸಬೇಡಿ. ಮೊಟ್ಟೆ ಅಲ್ಲೇ ಇದ್ದು ಒಡೆಯದೆ ಉಳಿದದ್ದು ಮಾತ್ರ ಲೆಕ್ಕಕ್ಕೆ. ಒಂದು ಗಿಡದ ಲೆಕ್ಕದಿಂದ ಏನೂ ಸಾಬೀತಾಗುವುದಿಲ್ಲ, ಮೊಟ್ಟೆ ಬೇರೆ ಕಾರಣಕ್ಕೂ ಕೆಡಬಹುದು. ಕೋಶದಿಂದ ಹೊರಬಂದವುಗಳ ಚುಕ್ಕೆಯನ್ನೂ ಎಣಿಸಿ ಸೇರಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ.

ಹೊರಡುವ ಮುಂಚೆ

ಭಾರತದಿಂದ ಕೀನ್ಯಾಗೆ ಹೋಗಿ ಬರುವವರಿಗೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಬೇಕು. ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮೊದಲೇ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ವಾಪಸ್ ಬರುವಾಗ ವಿಮಾನ ನಿಲ್ದಾಣದಲ್ಲಿ ತೊಂದರೆ.

ಕಡುನೀಲಿ, ಕಪ್ಪು ಬಟ್ಟೆ ಬೇಡ. ಸವನ್ನಾದ ಪೊದೆಗಳ ಕಡೆ ಇರುವ ಟ್ಸೆಟ್ಸೆ ನೊಣಕ್ಕೆ ಈ ಬಣ್ಣಗಳೆಂದರೆ ಪ್ರೀತಿ. ಅದರ ಕಡಿತ ಜೀನ್ಸ್ ಪ್ಯಾಂಟನ್ನೂ ದಾಟುತ್ತದೆ. ಮಳೆಗಾಲದಲ್ಲಿ ಕೆಂಪು ಕಪ್ಪು ಬಣ್ಣದ ಸಣ್ಣ ಹುಳು ಮೈಮೇಲೆ ಹತ್ತಿದರೆ ಹೊಸಕಬೇಡಿ, ಊದಿ ಹಾರಿಸಿ. ನೈರೋಬಿ ಫ್ಲೈ ಅಂತ ಅದರ ಹೆಸರು, ನಿಜಕ್ಕೂ ಅದೊಂದು ಜೀರುಂಡೆ. ಅದರ ರಸ ತಾಗಿದ ಕಡೆ ಸುಟ್ಟಂತೆ ಬೊಬ್ಬೆ ಏಳುತ್ತದೆ.

ಗಾಡಿಯ ಡ್ರೈವರ್‌ಗೆ ಹೊರಡುವಾಗಲೇ ಹೇಳಿ. ಚಿಟ್ಟೆಗೆ ಸ್ವಾಹಿಲಿಯಲ್ಲಿ ಕಿಪೆಪೆಯೊ ಅನ್ನುತ್ತಾರೆ, ನಿಧಾನಕ್ಕೆ ಪೊಲೆ ಪೊಲೆ. ಈ ಎರಡು ಮಾತು ಸಾಕು, ಅವರು ನಕ್ಕರೂ ಗಾಡಿ ನಿಲ್ಲಿಸುತ್ತಾರೆ. ಗಾಡಿಯಲ್ಲಿ ಬೇರೆಯವರೂ ಇದ್ದರೆ ಅವರ ಒಪ್ಪಿಗೆಯೂ ಬೇಕಲ್ಲ, ಅದನ್ನು ನೀವೇ ನೋಡಿಕೊಳ್ಳಿ.

ನೋಡಿದ್ದನ್ನು ಐನ್ಯಾಚುರಲಿಸ್ಟ್ ಎಂಬ, ಜನ ತಾವು ಕಂಡ ಜೀವಿಗಳ ಫೋಟೊ ಹಾಕುವ ಜಾಲತಾಣದಲ್ಲಿ ಹಾಕಬಹುದು. ಬರೀ ಚೆಂದದ ಫೋಟೊಗಿಂತ ಹಿಂದಿನ ರೆಕ್ಕೆ ಸ್ಪಷ್ಟವಾಗಿರುವ ಫೋಟೊ ಹಾಕಿ. ಜೊತೆಗೆ ದಿನಾಂಕ, ಜಾಗ, ಯಾವ ಗಿಡದ ಮೇಲಿತ್ತು, ಯಾವ ವೇಷ, ಎಷ್ಟು ಚುಕ್ಕೆ ಅಂತ ಎರಡು ಸಾಲು ಬರೆಯಿರಿ. ಚುಕ್ಕೆ ಕಾಣದಿದ್ದರೆ ಗಂಡೋ ಹೆಣ್ಣೋ ತಿಳಿಯಲಿಲ್ಲ ಎಂದೇ ಬರೆಯಿರಿ. ಗಿಡದ ಕಾಯಿ ಅಥವಾ ಹೂವಿನ ಇನ್ನೊಂದು ಫೋಟೊವನ್ನೂ ಸೇರಿಸಿದರೆ, ನಿಮಗೆ ಹೆಸರು ಗೊತ್ತಿಲ್ಲದ ಗಿಡವನ್ನು ಬೇರೆ ಯಾರಾದರೂ ಗುರುತಿಸುತ್ತಾರೆ.